‘ಊಟ ಆಯ್ತು’ ಎಂದು ಹೋಟೆಲಿನಲ್ಲಿ ಕೂತವರು

ಊರಿಗೆ ಮರಳಿದ ಮೇಲೆ ಸಿಕ್ಕಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಸಿಯಾಟಲ್‌ನಲ್ಲಿ ಏನೇನು ನೋಡಿದಿರಿ? ಪಟಗಳಲ್ಲೆಲ್ಲ ಕಾಣುವ ಆ ಎತ್ತರದ ಗೋಪುರವನ್ನು ಕಾರಿನ ಕಿಟಕಿಯಿಂದ ನೋಡಿದೆ. ತೋರಿಸುವವರು ಬೆರಳು ಎತ್ತುವಷ್ಟರಲ್ಲಿ ಅದು ಹಿಂದೆ ಹೋಗಿಯಾಗಿತ್ತು. ಹಿಮ ಹೊದ್ದ ದೊಡ್ಡ ಪರ್ವತ ನಾನಿದ್ದಷ್ಟು ದಿನವೂ ಮೋಡದ ಹಿಂದೆಯೇ ಇತ್ತು; ಇದೆ ಎಂದು ಎಲ್ಲರೂ ಹೇಳಿದ್ದರಿಂದ ನಂಬಿದೆ. ನಾನು ಸರಿಯಾಗಿ ನೋಡಿದ್ದು ಎರಡನ್ನೇ. ಆಸ್ಪತ್ರೆಯ ತೂಕದ ಯಂತ್ರ ಒಂದು, ಜಾವಾದ ಹೆಂಗಸೊಬ್ಬಳು ನಡೆಸುವ ಅಂಗೈಯಗಲದ ಹೋಟೆಲು ಇನ್ನೊಂದು. ಇಷ್ಟು ನೋಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಪಕ್ಕದ ಮನೆಯವರು ಮೂಗು ಮುರಿದರು. ಹೋಗಬೇಕಿತ್ತು. ಈಗ ನಗುತ್ತ ಹೇಳುತ್ತಿದ್ದೇನೆ, ಆಗ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ರೆಂಟನ್

ನನ್ನ ತಂಗಿ ಉಷಾ, ಅವಳ ಗಂಡ ಪ್ರಕಾಶ ಇರುವುದು ಸಿಯಾಟಲ್‌ಗೆ ಅಂಟಿಕೊಂಡ ರೆಂಟನ್ ಎಂಬ ಊರಿನಲ್ಲಿ. ಉಷಾಳ ಗಂಟಲಿನಲ್ಲಿ ಒಂದು ಗಡ್ಡೆ ಕಂಡು, ಅದಕ್ಕೆ ತಿಂಗಳುಗಟ್ಟಲೆ ಕಿರಣ ಹಾಯಿಸಿ, ನನಗೆ ವೀಸಾ ಸಿಗುವ ಹೊತ್ತಿಗೆ ಚಿಕಿತ್ಸೆ ಮುಗಿದೇ ಹೋಗಿತ್ತು. ಕಾಯಿಲೆ ಹೋಯಿತು, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಹೋಗುವಾಗ ಆ ಕಾಯಿಲೆ ನನ್ನ ತಂಗಿಯ ಹಸಿವನ್ನೂ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅವಳು ಉಣ್ಣುತ್ತಿರಲಿಲ್ಲ.

ಉಣ್ಣಿಸಲು ನಾನು ಹೋದೆ. ಹೆಮ್ಮೆಯಿಂದಲೇ ಹೋದೆ ಎನ್ನಬೇಕು. ನಾನು ಉಡುಪಿಯವಳು, ಸಾಲದ್ದಕ್ಕೆ ವಾರಪತ್ರಿಕೆಯೊಂದಕ್ಕೆ ಅಡುಗೆ ಅಂಕಣ ಬರೆಯುವವಳು. ನನ್ನ ಪತ್ರೊಡೆ ಓದಿಯೇ ಬಾಯಲ್ಲಿ ನೀರೂರಿತು ಎಂದು ಹುಬ್ಬಳ್ಳಿಯಿಂದ ಓದುಗರು ಬರೆಯುತ್ತಾರೆ. ಒಡಹುಟ್ಟಿದವಳಿಗೆ ನಾಲ್ಕು ತುತ್ತು ತಿನ್ನಿಸುವುದು ಯಾವ ಮಹಾ ಕೆಲಸ ಎಂದುಕೊಂಡು ಕುಚ್ಚಲಕ್ಕಿ, ತೆಂಗಿನೆಣ್ಣೆ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ವಿಮಾನ ಹತ್ತಿದೆ.

ಮೊದಲ ದಿನದ ಒಗ್ಗರಣೆಗೇ ಅಪಶಕುನವಾಯಿತು. ಸಾಸಿವೆ ಸಿಡಿದು ಒಣಮೆಣಸು ಕೆಂಪಾಗುತ್ತಿದ್ದಂತೆ ಚಾವಣಿಯ ಸ್ಮೋಕ್ ಅಲಾರಂ ಕಿವಿ ಕಿತ್ತುಹೋಗುವಂತೆ ಅರಚಿಕೊಂಡಿತು. ಪ್ರಕಾಶ ಮೈಸೂರಿನವನು, ಸಿಯಾಟಲ್ಲಿನ ಸೌತ್ ಲೇಕ್ ಯೂನಿಯನ್ ಎಂಬ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಧ್ವನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅಂಥವನು ಕುರ್ಚಿ ಹತ್ತಿ ಟವೆಲ್ ಬೀಸತೊಡಗಿದ.

“ಅತ್ತಿಗೆ, ಏನೂ ಅಂದ್ಕೋಬೇಡಿ. ಇಲ್ಲಿ ಒಗ್ಗರಣೆ ಹಾಕೋ ಮುಂಚೆ ಕಿಟಕಿ ಓಪನ್ ಮಾಡ್ಬೇಕು. ಇಲ್ದಿದ್ರೆ ಫೈರ್ ಎಂಜಿನ್‌ನೋರು ಬಂದ್ಬಿಡ್ತಾರೆ.”

ಸಾಸಿವೆ ಸಿಡಿಸಲು ಅಗ್ನಿಶಾಮಕ ದಳದ ಅಪ್ಪಣೆ ಬೇಕಾದ ದೇಶ! ನಾನು ಹಣೆ ಚಚ್ಚಿಕೊಂಡೆ. ಇಷ್ಟೆಲ್ಲ ರಂಪಾಟವಾದ ಸಾರನ್ನು ಉಷಾಳ ಮುಂದಿಟ್ಟರೆ ಅವಳು ಒಂದು ಚಮಚ ಬಾಯಿಗೆ ಹಾಕಿ, ಬಹಳ ಹೊತ್ತು ಅಲ್ಲೇ ಇಟ್ಟುಕೊಂಡು, ಕಷ್ಟಪಟ್ಟು ನುಂಗಿದಳು.

“ಹೇಗುಂಟು?”

“ಚೆನ್ನಾಗುಂಟು ಅಕ್ಕ.”

“ಚೆನ್ನಾಗಿದ್ರೆ ತಿನ್ನು ಮತ್ತೆ!”

“ತಿಂದೆ ಅಲ್ವಾ.”

ಅಲ್ಲಿಂದ ಮುಂದೆ ನಾನು ಬಿಡದೆ ಅಡುಗೆ ಹೂಡಿದೆ. ಗಂಜಿ ಆಯಿತು, ರಾಗಿ ಮಣ್ಣಿ ಆಯಿತು, ಹೆಸರುಬೇಳೆ ಪಾಯಸ, ಸೌತೆಕಾಯಿ ದೋಸೆ, ಕಾಯಿಹಾಲಿನ ಗಸಿ ಎಲ್ಲ ಆಯಿತು. ಪ್ರತಿಯೊಂದಕ್ಕೂ ಒಂದು ಚಮಚದ ಮರ್ಯಾದೆ ಸಿಕ್ಕಿತು. ನಾನು ಅವಳ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಅವಳ ಬಾಯಿ ಅಲ್ಲಾಡುವುದನ್ನು, ಗಂಟಲು ಏರಿ ಇಳಿಯುವುದನ್ನು ನೋಡುತ್ತಿದ್ದೆ. ಅವಳು ನುಂಗುವಾಗ ನನಗೇ ಗೊತ್ತಿಲ್ಲದೆ ನನ್ನ ಗಂಟಲೂ ನುಂಗುತ್ತಿತ್ತು.

“ಇನ್ನೊಂದೇ ಒಂದು ಚಮಚ, ನನ್ನ ಹೆಸರಲ್ಲಿ.”

“ನಿನ್ನ ಹೆಸರಲ್ಲಿ ಆಗ್ಲೇ ತಿಂದೆ. ಕಾಗದ ಅಗ್ದ ಹಾಗೆ ಆಗ್ತದೆ ಅಕ್ಕ. ರುಚಿ ಇತ್ತು ಅಂತ ನೆನಪುಂಟು, ಬಾಯಿಗೆ ಗೊತ್ತಾಗುದಿಲ್ಲ.”

ಅವಳ ಗೆಳತಿಯರು ಓವರ್‌ಲೇಕ್ ಎಂಬ ಕಡೆಯಿಂದ ಡಬ್ಬಿ ಡಬ್ಬಿ ಬಿಸಿಬೇಳೆಬಾತು ತಂದು ಫ್ರಿಜ್ಜು ತುಂಬಿಸಿದರು. ಊರಿನಿಂದ ಚಿಕ್ಕಮ್ಮಂದಿರು ಫೋನು ಮಾಡಿದರೆ ಮೊದಲ ಮಾತೇ “ಊಟ ಆಯ್ತಾ ಉಷಾ?” ಪ್ರಕಾಶ ಆಫೀಸಿನಿಂದ ಮಧ್ಯಾಹ್ನ ಅದನ್ನೇ ಕೇಳುತ್ತಿದ್ದ. ಎಲ್ಲರಿಗೂ ಅವಳದು ಒಂದೇ ಉತ್ತರ: “ಆಯ್ತು, ಆಯ್ತು.” ಹಾಗೆಂದು ಹೇಳಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅಂಗಿಯೊಳಗೆ ಅವಳ ಹೆಗಲ ಮೂಳೆ ಎದ್ದು ಕಾಣುತ್ತಿತ್ತು.

ಆಸ್ಪತ್ರೆಗಳ ಗುಡ್ಡ

ಸಿಯಾಟಲ್ ಪೇಟೆಯ ನೆತ್ತಿಯ ಮೇಲೊಂದು ಗುಡ್ಡವಿದೆ. ನಮ್ಮಲ್ಲಾದರೆ ಅಂಥ ಗುಡ್ಡದ ಮೇಲೆ ದೇವಸ್ಥಾನ ಕಟ್ಟುತ್ತಿದ್ದರು, ಅವರು ಆಸ್ಪತ್ರೆಗಳನ್ನು ಕಟ್ಟಿದ್ದಾರೆ. ಭಕ್ತಿಯಿಂದ ಹತ್ತುವವರು ಎರಡಕ್ಕೂ ಒಂದೇ ಎಂದು ಅಲ್ಲಿನ ಲಿಫ್ಟಿನಲ್ಲಿ ನಿಂತವರ ಮುಖ ನೋಡಿದರೆ ತಿಳಿಯುತ್ತದೆ.

ಅಲ್ಲಿ ಆಹಾರದ ಸಲಹೆ ಕೊಡುವ ಹೆಂಗಸು ಎತ್ತರದವಳು, ಮೃದು ಮಾತಿನವಳು. ಉಷಾ ದಪ್ಪ ಕೋಟಿನೊಂದಿಗೇ ತೂಕದ ಯಂತ್ರ ಹತ್ತಿದಳು. ಆ ಹೆಂಗಸು ನಕ್ಕು, ಕೋಟು ತೆಗೆಯಿರಿ ಎಂದಳು. ತೆಗೆದರೆ ಜೇಬಿನಲ್ಲಿ ಮನೆಯ ಕೀಲಿ, ಕಾರಿನ ಕೀಲಿ, ಒಂದು ದಪ್ಪ ಪರ್ಸು, ನೀರಿನ ಬಾಟಲಿ. ನನ್ನ ತಂಗಿ ಚಿಕ್ಕವಳಿದ್ದಾಗಲೂ ಕಣ್ಣಾಮುಚ್ಚಾಲೆಯಲ್ಲಿ ಮೋಸ ಮಾಡುತ್ತಿದ್ದಳು, ಪ್ರತಿ ಸಲ ಸಿಕ್ಕಿಬೀಳುತ್ತಿದ್ದಳು.

ಕೋಟಿಲ್ಲದ ತೂಕ ನೋಡಿ ಆ ಹೆಂಗಸಿನ ನಗು ಹೋಯಿತು. ಕುರ್ಚಿ ಹತ್ತಿರ ಎಳೆದುಕೊಂಡು ಸಾವಕಾಶವಾಗಿ ಹೇಳಿದಳು. ಎರಡು ವಾರ ಬಿಟ್ಟು ಮತ್ತೆ ಬನ್ನಿ. ಆಗಲೂ ತೂಕ ಇಳಿದಿದ್ದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ನಳಿಕೆ ಇಡಬೇಕಾಗುತ್ತದೆ, ಆಹಾರ ಅದರಲ್ಲೇ ಹೋಗುತ್ತದೆ. ಹೆದರುವಂಥದ್ದೇನಲ್ಲ. ಆದರೆ ಬಹಳ ದಿನ ನುಂಗದೆ ಇದ್ದರೆ ಗಂಟಲಿಗೆ ನುಂಗುವ ಅಭ್ಯಾಸ ತಪ್ಪಿಹೋಗಬಹುದು, ಹಾಗಾಗಿ ನಿಮ್ಮ ಬಾಯಿಂದಲೇ ತಿನ್ನಲು ನೋಡಿ.

ಲಿಫ್ಟಿನಲ್ಲಿ ಉಷಾ ನನ್ನ ಮುಖ ನೋಡದೆ ಹೇಳಿದಳು, “ನಳಿಕೆ ಹಾಕಿದ್ರೆ ಒಳ್ಳೇದೇ ಅಲ್ವಾ ಅಕ್ಕ. ನಿಂಗೂ ಬೇಯಿಸುದು ತಪ್ಪಿತು.”

“ಬಾಯಿ ಮುಚ್ಚು! ತಿಂದ್ರೆ ಯಾಕೆ ಹಾಕ್ತಾರೆ ನಳಿಕೆ? ತಿನ್ಲಿಕ್ಕೆ ಎಂತ ಧಾಡಿ ನಿಂಗೆ?”

ಲಿಫ್ಟಿನಲ್ಲಿದ್ದವರು ಕನ್ನಡ ಬರದಿದ್ದರೂ ಬೈಗಳೆಂದು ತಿಳಿದು ತಲೆ ತಗ್ಗಿಸಿದರು. ಹೆದರಿಕೆಯಾದಾಗ ಬೈಯುವುದು ನನ್ನ ಹುಟ್ಟುಗುಣ. ಅವತ್ತು ನನಗೆ ಬಹಳ ಹೆದರಿಕೆಯಾಗಿತ್ತು.

ಬಸ್ಸು

ಪ್ರಕಾಶನಿಗೆ ಮೀಟಿಂಗು. ಅವನು ಬರುವವರೆಗೆ ಕಾಯುವುದು ಬೇಡ, ಬಸ್ಸಿನಲ್ಲೇ ಹೋಗುವ ಎಂದು ಉಷಾ ಹಟ ಹಿಡಿದಳು. ಅಲ್ಲಿನ ಬಸ್ಸು ಬಹಳ ವಿನಯದ್ದು. ಕೈಲಾಗದವರು ನಿಂತಿರುವುದನ್ನು ಕಂಡರೆ ಉಸ್ಸೆಂದು ಒಂದು ಪಕ್ಕಕ್ಕೆ ಬಾಗಿ, ಮೆಟ್ಟಿಲನ್ನು ಕಾಲಿನ ಬುಡಕ್ಕೆ ತರುತ್ತದೆ. ಇಳಿಯುವವರು ಒಬ್ಬೊಬ್ಬರೂ ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಬಸ್ಸುಗಳಲ್ಲಿ ಇಳಿದ ಮೇಲೆ ಕೈಕಾಲು ಸರಿ ಇದೆಯೇ ಎಂದು ನೋಡಿಕೊಂಡು ದೇವರಿಗೆ ಹೇಳುತ್ತೇವೆ.

ಇಳಿಯಬೇಕಾದರೆ ಕಿಟಕಿಯ ಮೇಲಿನ ಹಗ್ಗ ಎಳೆಯಬೇಕು. ಉಷಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಸ್ಟಾಪು ತಪ್ಪಿದರೆ ಎಂಬ ಗಾಬರಿಗೆ ನಾನು ಅರ್ಧ ದಾರಿಯಲ್ಲೇ ಹಗ್ಗ ಎಳೆದುಬಿಟ್ಟೆ. ಬಸ್ಸು ನಿಂತಿತು. ಬಾಗಿಲು ತೆರೆಯಿತು. ಡ್ರೈವರು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ.

“ಇದಲ್ಲ ಅಕ್ಕ ಸ್ಟಾಪು,” ಎಂದಳು ಉಷಾ ಕಣ್ಣು ಬಿಟ್ಟು.

“ಗೊತ್ತಾಯ್ತು. ಆದ್ರೆ ನಮಗೋಸ್ಕರ ನಿಲ್ಸಿದ್ದಾನೆ ಪಾಪ. ಇಳಿಯದಿದ್ರೆ ಎಂತ ತಿಳ್ಕೊಳ್ತಾನೆ?”

ಇಳಿದೆವು. ಥ್ಯಾಂಕ್ಸನ್ನೂ ಹೇಳಿದೆವು. ಬಸ್ಸು ಹೊರಟುಹೋದ ಮೇಲೆ ಜಿನುಗು ಮಳೆಯಲ್ಲಿ ನಾವಿಬ್ಬರೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಂದಿನ ಬಸ್ಸಿಗೆ ಸಾಕಷ್ಟು ಹೊತ್ತಿತ್ತು. ಸ್ಟಾಪಿನಲ್ಲಿ ಕೂರಲು ಬೆಂಚಿಲ್ಲ, ಉಷಾ ಕಂಬಕ್ಕೆ ಒರಗಿ ನಿಂತಳು. ಹಿಂದುಗಡೆ ಸಾಲಾಗಿ ಅಂಗಡಿಗಳಿದ್ದವು: ಬಟ್ಟೆ ಒಗೆಯುವ ಯಂತ್ರಗಳದ್ದೊಂದು, ಉಗುರಿಗೆ ಬಣ್ಣ ಹಚ್ಚುವುದೊಂದು, ಇವೆರಡರ ನಡುವೆ ಗಾಜಿಗೆಲ್ಲ ಆವಿ ಕಟ್ಟಿ ಒಳಗೆ ಹಳದಿ ದೀಪ ಉರಿಯುತ್ತಿದ್ದ ಇನ್ನೊಂದು. ಅದರ ಬಾಗಿಲು ತಳ್ಳಿದೆ.

ಇಬು ರತ್ನಾ

ಒಳಗೆ ಕಾಲಿಟ್ಟರೆ ಹೋಟೆಲಿಗೆ ಬಂದಂತೆ ಅನಿಸಲಿಲ್ಲ, ಯಾರದೋ ಮನೆಯ ಊಟದ ಕೋಣೆಗೆ ನುಗ್ಗಿದಂತಾಯಿತು. ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹೊದಿಸಿದ ಕೆಲವೇ ಮೇಜುಗಳು, ಗೋಡೆಯ ಮೇಲೆ ಮನೆಮಗಳೊಬ್ಬಳು ಪದವಿ ಪಡೆದ ಫೋಟೊ, ಮೂಲೆಯ ಟಿ.ವಿ.ಯಲ್ಲಿ ಅತ್ತೆಯೊಬ್ಬಳು ಸೊಸೆಯನ್ನು ಗದರಿಸುತ್ತಿದ್ದ ಧಾರಾವಾಹಿ. ಭಾಷೆ ಬರದಿದ್ದರೂ ಅವಳು ಅತ್ತೆಯೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಕೌಂಟರಿನ ಹಿಂದೆ ಗೋಡೆಯಲ್ಲೊಂದು ಕಿಂಡಿ. ಆ ಕಿಂಡಿಯಿಂದ ಆಗಾಗ ಒಂದು ಕೈ ಹೊರಬಂದು ತಟ್ಟೆ ಇಟ್ಟು ಒಳಗೆ ಹೋಗುತ್ತಿತ್ತು. ಅದು ಮಾಲಕಿಯ ಗಂಡನ ಕೈಯೆಂದು ಆಮೇಲೆ ತಿಳಿಯಿತು. ಉಳಿದ ಗಂಡನನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ಮಾಲಕಿಯನ್ನು ಎಲ್ಲರೂ ‘ಇಬು’ ಎಂದು ಕರೆಯುತ್ತಿದ್ದರು. ಇಂಡೋನೇಷ್ಯಾದವರ ಮಾತಿನಲ್ಲಿ ತಾಯಿ ಎಂದರ್ಥ, ನಾವು ಯಾರನ್ನಾದರೂ ಅಮ್ಮಾ ಎನ್ನುವುದಿಲ್ಲವೇ ಹಾಗೆ. ತಲೆಗೆ ಹಸಿರು ಬಟ್ಟೆ ಬಿಗಿದ ಜಾವಾದ ಮುಸ್ಲಿಂ ಹೆಂಗಸು, ಹೆಸರು ರತ್ನಾ. ನನ್ನ ದೊಡ್ಡಮ್ಮನ ಹೆಸರೂ ಅದೇ. ಇಬುವಿಗೂ ನನಗೂ ಇದ್ದದ್ದು ಅಷ್ಟಕ್ಕಷ್ಟೇ ಇಂಗ್ಲಿಷು, ಹಾಗಾಗಿ ಮಾತು ಸಲೀಸಾಗಿ ಅರ್ಥವಾಗುತ್ತಿತ್ತು.

ನಾವು ಕೂತದ್ದೇ ತಡ, ಇಬು ಹತ್ತಿರ ಬಂದು ಉಷಾಳ ಒದ್ದೆ ಹೆಗಲು ಮುಟ್ಟಿ ಕೇಳಿದಳು: “ಊಟ ಆಯಿತಾ?”

“ಆಯಿತು,” ಎಂದಳು ಉಷಾ.

“ಈಗಷ್ಟೇ ಆಯಿತು. ಬಸ್ಸು ಬರುವವರೆಗೆ ಕೂತಿರುತ್ತೇವೆ, ನಿಮಗೆ ತೊಂದರೆ ಇಲ್ಲ ತಾನೆ?” ಎಂದೆ ನಾನೂ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ನಾವು ಕೂತದ್ದು ಹೋಟೆಲಿನಲ್ಲಿ. ಬೆಳಗ್ಗಿನಿಂದ ನನ್ನ ಹೊಟ್ಟೆಗೆ ಕಾಫಿ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಹೋಟೆಲಿನವಳೇ ಬಂದು ಊಟ ಆಯಿತಾ ಎಂದು ಕೇಳಿದರೆ ಬುದ್ಧಿ ಬಲಿತ ಇಬ್ಬರು ಹೆಂಗಸರು ಒಂದೇ ದನಿಯಲ್ಲಿ ಆಯಿತು ಎಂದೆವು! ಯಾರ ಮನೆಗೆ ಹೋದರೂ ಮೊದಲ ಸಲ ಕೇಳಿದಾಗ ಆಯಿತೆನ್ನಬೇಕು, ಕೇಳುವವರು ಒತ್ತಾಯಿಸಬೇಕು, ಮತ್ತೆ ಬೇಡವೆನ್ನಬೇಕು, ಅವರು ಕೈಹಿಡಿದು ಎಲೆಯ ಮುಂದೆ ಕೂರಿಸಬೇಕು. ಹುಟ್ಟಿನಿಂದ ಬಂದ ಈ ಸಂಪ್ರದಾಯ ಸಮುದ್ರ ದಾಟಿದರೂ ಬಿಡಲಿಲ್ಲ. ಇಬು ಇನ್ನೊಮ್ಮೆ ಕೇಳುತ್ತಾಳೆಂದು ನಾನು ಮುಖ ಅರಳಿಸಿ ಕಾದೆ.

ಇಬು ಕೇಳಲಿಲ್ಲ. ತಲೆಯಾಡಿಸಿ ಒಳಗೆ ಹೋದವಳು ಎರಡು ಲೋಟ ಸಿಹಿ ಚಹಾ ತಂದಿಟ್ಟು ತನ್ನ ಕೆಲಸಕ್ಕೆ ಹೋದಳು. ಚಹಾದಲ್ಲಿ ಮಲ್ಲಿಗೆಯ ಪರಿಮಳ. ಮುಡಿಯುವ ಹೂವನ್ನು ಕುಡಿಯುವುದು ನನಗೆ ಹೊಸದು. ಉಷಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗಾಗುತ್ತ ಕೂತಳು.

ಸುತ್ತಲಿನವರು ಉಣ್ಣುತ್ತಿದ್ದರು. ಕಂಪನಿಯ ಗುರುತುಚೀಟಿ ಕೊರಳಲ್ಲಿದ್ದ ಇಬ್ಬರು ಗಂಡಸರು ಮಾತಿಲ್ಲದೆ ಅನ್ನ ಕಲಸುತ್ತಿದ್ದರು. ಒಬ್ಬ ಮುದುಕ ಅಗಲವಾದ ಸಿಗಡಿ ಹಪ್ಪಳವನ್ನು ಕರುಂ ಎಂದು ಮುರಿಯುತ್ತಿದ್ದ. ಕಿಂಡಿಯ ಆಚೆ ಯಾರೋ ಒಣ ಸಿಗಡಿ ಹುರಿದರು. ಆ ವಾಸನೆ ಗೊತ್ತಿಲ್ಲದವರಿಗೆ ವಾಕರಿಕೆ ತರುತ್ತದೆ. ನಮ್ಮ ಕರಾವಳಿಯವರನ್ನು ನಿದ್ದೆಯಿಂದ ಎಬ್ಬಿಸಿ ಅಡುಗೆಮನೆಗೆ ಕರೆದೊಯ್ಯುತ್ತದೆ. ನನ್ನ ಹೊಟ್ಟೆ ಗುಡುಗಿತು. ಆದರೆ ಆಯಿತೆಂದು ಹೇಳಿಯಾಗಿತ್ತಲ್ಲ, ಸುಮ್ಮನೆ ಟಿ.ವಿ.ಯ ಅತ್ತೆಯನ್ನು ನೋಡುತ್ತ ಕೂತೆ. ಉಷಾಳಿಗೆ ಏನೂ ಹೇಳಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಬೈದದ್ದಕ್ಕೆ ನನಗೂ ಒಳಗೊಳಗೇ ಕಸಿವಿಸಿಯಿತ್ತು.

“ಅಕ್ಕ.”

“ಎಂತ?”

“ನಂಗೆ ಹಸಿವಾಗ್ತಾ ಉಂಟು.”

ಲೋಟ ಕೆಳಗಿಟ್ಟೆ. ಎಷ್ಟೋ ತಿಂಗಳಿಂದ ಆ ಬಾಯಿಂದ ಬಾರದ ಮಾತು ಅದು. ಉಷಾ ತಾನೇನೋ ತಪ್ಪು ಹೇಳಿದಂತೆ ನನ್ನನ್ನು ನೋಡುತ್ತಿದ್ದಳು. ಮರುಕ್ಷಣವೇ ಅವಳೇ ಹಿಂಜರಿದಳು.

“ಬೇಡ, ಬಿಡು. ಆಯ್ತು ಅಂತ ಹೇಳಿ ಆಗಿದೆ ಅಲ್ವಾ. ಈಗ ಹೇಗೆ ಕೇಳುದು? ನಾಚಿಕೆ ಆಗ್ತದೆ. ಮನೆಗೆ ಹೋಗಿಯೇ ತಿನ್ನುವ.”

ಮನೆಗೆ! ಬಸ್ಸು ಬಂದು, ಮನೆ ತಲುಪಿ, ನಾನು ಒಲೆ ಹಚ್ಚುವ ಹೊತ್ತಿಗೆ ಆ ಹಸಿವು ಇರುತ್ತದೆ ಎಂದು ಯಾರು ಹೇಳಬಲ್ಲರು? ಮಾನ ಹೋದರೆ ಹೋಗಲಿ ಎಂದು ಎದ್ದವಳು ನೆಟ್ಟಗೆ ಕೌಂಟರಿಗೆ ಹೋದೆ.

“ಇಬು, ನಾವು ಹೇಳಿದ್ದು ಸುಳ್ಳು. ನಮ್ಮ ಊಟ ಆಗಿಲ್ಲ. ನನ್ನ ತಂಗಿಗೆ ಹಸಿವಾಗಿದೆ,” ಎಂದೆ. ಹೇಳುತ್ತ ಹೇಳುತ್ತ ಕಾಯಿಲೆ, ನಳಿಕೆ, ಎರಡು ವಾರದ ಗಡುವು, ಎಲ್ಲವನ್ನೂ ಹೇಳಿಬಿಟ್ಟೆ.

ಇಬು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಅಯ್ಯೋ, ನಾನು ಮರೆತೆ! ಜಾವಾದಲ್ಲೂ ಹಾಗೆಯೇ. ಮೊದಲು ಆಯಿತೆನ್ನಬೇಕು. ಎರಡನೇ ಸಲ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೇ ಸಲಕ್ಕೆ ಕೂತು ಉಣ್ಣಬೇಕು. ಒಂದೇ ಸಲ ಕೇಳಿದರೆ ಕೊಡುವ ಮನಸ್ಸಿಲ್ಲ ಎಂದರ್ಥ. ಈ ಅಂಗಡಿ ತೆರೆದ ಹೊಸತರಲ್ಲಿ ಎಲ್ಲರಿಗೂ ಮೂರು ಸಲ ಕೇಳುತ್ತಿದ್ದೆ. ಇಲ್ಲಿಯವರಿಗೆ ಸಿಟ್ಟು ಬಂತು. ಬೇಡ ಎಂದರೆ ಬೇಡ, ಯಾಕೆ ಪೀಡಿಸುತ್ತೀರಿ ಎಂದರು. ಆಮೇಲೆ ಒಂದು ಸಲಕ್ಕೇ ನಿಲ್ಲಿಸಿದೆ.”

“ನಿಲ್ಲಿಸಿದ್ದೇ ಒಳ್ಳೆಯದಾಯಿತು,” ಎಂದೆ. ಆ ಕ್ಷಣದಲ್ಲಿ ಅದರ ಅರ್ಥ ನನಗೇ ಪೂರ್ತಿ ತಿಳಿದಿರಲಿಲ್ಲ.

ಕಿಂಡಿಯ ಕೈ ಎರಡು ಬೋಗುಣಿ ಹೊರಗಿಟ್ಟಿತು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿ ತುಂಡು ಮಾಡಿದ ಮೆತ್ತನೆಯ ಅನ್ನದ ಕಡುಬು. ಅದಕ್ಕೆ ಲೊಂಟೊಂಗ್ ಎನ್ನುತ್ತಾರೆ. ಅದರ ಮೇಲೆ ಕಾಯಿಹಾಲಿನಲ್ಲಿ ಬೆಂದ ಸೀಮೆಬದನೆ, ಅಲಸಂದೆ, ಸೋಯಾ ಕಾಳನ್ನು ಹುದುಗಿಸಿ ಗಟ್ಟಿ ಮಾಡಿದ ಟೆಂಪೆಯ ಚೂರುಗಳು. ಉಷಾಳ ಗಂಟಲಿಗೆಂದು ಖಾರ ಹಾಕದೆ, ಒಣ ಸಿಗಡಿಯ ಚಟ್ನಿಯನ್ನು ನನ್ನ ಬಟ್ಟಲಿಗೆ ಮಾತ್ರ ಇಟ್ಟಿದ್ದರು. ಬೋಗುಣಿ ಇಟ್ಟ ಇಬು ಅಲ್ಲಿ ನಿಲ್ಲಲೇ ಇಲ್ಲ. ನಾನು ಎಂದಿನಂತೆ ಮೊಣಕೈ ಊರಿ ತಂಗಿಯ ಬಾಯಿ ನೋಡಲು ಅಣಿಯಾಗುತ್ತಿದ್ದೆ. ಹೋಗುತ್ತಿದ್ದ ಇಬು ತಿರುಗಿ ನನ್ನ ಬೋಗುಣಿಯತ್ತ ಬೆರಳು ಮಾಡಿ, “ನಿಮ್ಮದು ಆರಿಹೋಗುತ್ತದೆ, ಅಕ್ಕಾ,” ಎಂಬರ್ಥದಲ್ಲಿ ಏನೋ ಹೇಳಿದಳು.

ಹೇಳಿಸಿಕೊಂಡ ಮೇಲೆ ಇನ್ನೇನು, ತಲೆ ತಗ್ಗಿಸಿ ನನ್ನದನ್ನು ಉಂಡೆ. ಬಹಳ ರುಚಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಗಸಿಯ ದೂರದ ನೆಂಟ. ಸಾಸಿವೆ ಇಲ್ಲ, ಬದಲಿಗೆ ನಿಂಬೆವಾಸನೆಯ ಮಜ್ಜಿಗೆ ಹುಲ್ಲಿನ ಪರಿಮಳ. ಎದುರಿನಿಂದ ಚಮಚದ ಸದ್ದು ಬರುತ್ತಲೇ ಇತ್ತು. ನಿಂತೀತು, ಈಗ ನಿಂತೀತು ಎಂದು ಕಾಯುತ್ತಿದ್ದೆ. ಸಾಕು ಅಕ್ಕ ಎಂಬ ಮಾತು ಬರಲಿಲ್ಲ.

“ಕಾಯಿಹಾಲು ಗೊತ್ತಾಗ್ತಾ ಉಂಟು,” ಎಂದಳು ಉಷಾ ಸ್ವಲ್ಪ ಹೊತ್ತಿನ ಮೇಲೆ. “ಪೂರ್ತಿ ಅಲ್ಲ. ಸ್ವಲ್ಪ.”

ಕತ್ತೆತ್ತಿದರೆ ಬೋಗುಣಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಸಂತೋಷಕ್ಕೆ ಕಣ್ಣು ತುಂಬಿತು, ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು.

“ನಾನೂ ಕಾಯಿಹಾಲಿನ ಗಸಿಯೇ ಮಾಡಿದ್ದು ಅಲ್ವಾ! ಅದಕ್ಕೆ ಎಂತ ಕಮ್ಮಿ ಆಗಿತ್ತು?”

“ಎಂತದೂ ಇಲ್ಲ ಅಕ್ಕ. ನಿಂದೂ ಇಷ್ಟೇ ಒಳ್ಳೇದಿತ್ತು.” ಅವಳು ಚಮಚದಿಂದ ರಸ ಕಲಕುತ್ತ ಹೇಳಿದಳು, “ಮನೆಯಲ್ಲಿ ಎಲ್ಲರೂ ಕೇಳ್ತಾನೇ ಇರ್ತೀರಿ. ನಂಗೆ ಹಸಿವಾಗ್ಲಿಕ್ಕೆ ಪುರ್ಸೊತ್ತೇ ಇಲ್ಲ. ಇಲ್ಲಿ ಒಮ್ಮೆ ಕೇಳಿದ ಮೇಲೆ ಮತ್ತೆ ಯಾರೂ ಕೇಳ್ಲಿಲ್ಲ ಅಲ್ವಾ, ನಂಗೇ ನೆನಪಾಯ್ತು.”

ಅಬ್ಬಾ! ಇಷ್ಟು ದಿನ ಅವಳ ಹೊಟ್ಟೆಯ ಬಾಗಿಲಿಗೆ ನಾವೇ ಗುಂಪು ಕಟ್ಟಿ ನಿಂತಿದ್ದೆವು. ಒತ್ತಾಯವೇ ಪ್ರೀತಿ ಎಂದು ನಂಬಿದವಳು ನಾನು, ಅಂಕಣದಲ್ಲಿ ಬರೆದವಳು ಕೂಡ. ಬಸ್ಸು ಬಂದು ಹೋಯಿತು. ನಾವಿಬ್ಬರೂ ಅದರ ಕಡೆ ನೋಡಲಿಲ್ಲ.

ನಾಲಿಗೆಗೆ ಬೀಗ

ಆಮೇಲಿನ ದಿನಗಳಲ್ಲಿ ಆಗಾಗ ಅಲ್ಲಿಗೆ ಹೋದೆವು. ಕೆಲವು ದಿನ ಉಷಾ ಚಹಾ ಮಾತ್ರ ಕುಡಿದಳು, ಕೆಲವು ದಿನ ಎರಡು ತುಂಡು ಕಡುಬು, ಒಂದು ದಿನ ಕಾಯಿಹಾಲು ಬೆಲ್ಲದ ತಣ್ಣನೆಯ ಪಾನಕ. ಇಬು ಒಮ್ಮೆ ಕೇಳುವಳು, ಉಷಾ ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ನಾನು ಇಬುವಿಗೆ ಮಿಡಿ ಉಪ್ಪಿನಕಾಯಿ ಕೊಟ್ಟೆ. ಒಂದು ಮಿಡಿಯನ್ನು ಕಿಂಡಿಯೊಳಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಆ ಕೈ ಹೊರಬಂದು ಇನ್ನೊಂದಕ್ಕೆ ಬೆರಳಾಡಿಸಿತು.

ಕಷ್ಟವಾದದ್ದು ಮನೆಯಲ್ಲಿ. ಊರಿನ ಚಿಕ್ಕಮ್ಮಂದಿರಿಗೆ ಫೋನಿನಲ್ಲಿ ಊಟದ ವಿಷಯ ಎತ್ತಬೇಡಿ ಎಂದೆ. ಮತ್ತೆ ಯಾವ ವಿಷಯ ಮಾತಾಡುವುದು ಎಂದು ಅವರು ನಿಜವಾಗಿಯೂ ತಬ್ಬಿಬ್ಬಾದರು. ಪ್ರಕಾಶನಿಗೂ ಹೇಳಿದೆ.

“ಕೇಳ್ದೆ ಹೇಗಿರೋದು ಅತ್ತಿಗೆ? ಟೆನ್ಷನ್ ಆಗುತ್ತೆ.”

“ನಂಗೆ ಆಗುದಿಲ್ವಾ? ಟೆನ್ಷನ್ ಆದ್ರೆ ನಂಗೆ ಫೋನ್ ಮಾಡು. ಅವಳಿಗೆ ಮಾಡ್ಬೇಡ.”

ಹೇಳುವುದು ಸುಲಭ. ಅಡುಗೆ ಮಾಡಿಟ್ಟು, ಮುಚ್ಚಿ, ಏನೂ ಹೇಳದೆ ಬೇರೆ ಕೋಣೆಗೆ ಹೋಗಿ ಕೂರುವುದೆಂದರೆ ನನ್ನಂಥವಳಿಗೆ ವನವಾಸವೇ. ಹಾಸಿಗೆ ಮಡಚಿದೆ, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದೆ. ಮೊದಮೊದಲು ಪಾತ್ರೆಗಳು ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತಿದ್ದವು. ಗಡುವು ಹತ್ತಿರ ಬರುತ್ತಿತ್ತು, ನನ್ನ ಧೈರ್ಯ ಕರಗುತ್ತಿತ್ತು. ಸುಮ್ಮನಿದ್ದು ತಂಗಿಯನ್ನು ಇನ್ನಷ್ಟು ಸೊರಗಿಸುತ್ತಿದ್ದೇನೋ ಎಂಬ ಅನುಮಾನ ಬಿಡದೆ ಕೊರೆಯಿತು. ಆಮೇಲೊಂದು ದಿನ ಪಾಯಸದ ಮಟ್ಟ ಒಂದು ಬೆರಳು ಇಳಿದದ್ದು ಕಂಡೆ. ಬೆಕ್ಕಿಲ್ಲದ ಮನೆ ಅದು.

ತೂಕದ ಯಂತ್ರ

ಎರಡನೇ ಸಲ ಗುಡ್ಡ ಹತ್ತುವಾಗ ಪ್ರಕಾಶ ರಜೆ ಹಾಕಿ ಜೊತೆಗೆ ಬಂದ. ಉಷಾ ತಾನಾಗಿಯೇ ಕೋಟು ಕಳಚಿ ನನ್ನ ಕೈಗಿತ್ತು ಯಂತ್ರ ಹತ್ತಿದಳು. ಪ್ರಕಾಶ ಕಿಟಕಿಯಾಚೆ ನೋಡುತ್ತಿದ್ದ. ನಾನು ಕೃಷ್ಣನಿಗೆ ಹರಕೆ ಹೊರುತ್ತಿದ್ದೆ.

ಆ ಹೆಂಗಸು ಒಮ್ಮೆ ನೋಡಿದಳು, ಉಷಾಳನ್ನು ಇಳಿಸಿ ಮತ್ತೆ ಹತ್ತಿಸಿ ನೋಡಿದಳು.

“ಇಳಿದಿಲ್ಲ,” ಎಂದಳು. “ಕೂದಲೆಳೆಯಷ್ಟು ಏರಿದೆ. ನಳಿಕೆಯ ಮಾತು ಈಗ ಬೇಡ. ಏನು ಮಾಡುತ್ತಿದ್ದೀರೋ ಅದನ್ನೇ ಮಾಡುತ್ತಿರಿ.”

ಏರಿದ್ದು ಒಂದು ಹಿಡಿ ಅಕ್ಕಿಯಷ್ಟೂ ಇರಲಿಕ್ಕಿಲ್ಲ. ಆದರೆ ನನ್ನ ಎದೆಯ ಮೇಲಿನಿಂದ ಇಳಿದದ್ದು ಒಂದು ಮೂಟೆ. ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ತಂಗಿಯ ಕೋಟಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತೆ. ಪ್ರಕಾಶ “ಅತ್ತಿಗೆ, ಗುಡ್ ನ್ಯೂಸ್ ಅತ್ತಿಗೆ, ಗುಡ್ ನ್ಯೂಸ್” ಎನ್ನುತ್ತ ತಾನೂ ಕನ್ನಡಕ ಒರೆಸಿಕೊಂಡ. ಇಷ್ಟು ಹಗುರಾಗಿ ನಾನು ಯಾವ ಗುಡ್ಡವನ್ನೂ ಇಳಿದಿಲ್ಲ.

ಮಧ್ಯಾಹ್ನ

ನಮ್ಮನ್ನು ಮನೆಗೆ ಬಿಟ್ಟು ಪ್ರಕಾಶ ಮೆಡಿಕಲ್ ಶಾಪಿಗೆ ಹೋದ. ಇಬುವಿನಲ್ಲಿಗೆ ಹೋಗುವ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಉಷಾ ಸೋಫಾದಲ್ಲಿ ಕಾಲು ಚಾಚುತ್ತ ಕೇಳಿದಳು.

“ಅಕ್ಕ, ಇವತ್ತು ಎಂತ ಮಾಡ್ತಿ ಊಟಕ್ಕೆ?”

ಅವಳೇ ಕೇಳಿದ್ದು! ಬೇಕಾದಷ್ಟು ಉತ್ತರಗಳು ನಾಲಿಗೆಯ ತುದಿಯಲ್ಲಿದ್ದವು, ಒಂದನ್ನೂ ಹೇಳಲಿಲ್ಲ. “ಗಂಜಿ ಮಾಡ್ತೇನೆ,” ಎಂದಷ್ಟೇ ಹೇಳಿ ಒಳಗೆ ಹೋದೆ. ಮೊದಲಿನ ಹಾಗೆ ದಬರಿ ತುಂಬ ಮಾಡಿ ಅವಳನ್ನು ಹೆದರಿಸುವುದು ಬೇಡವೆಂದು ಚಿಕ್ಕ ಪಾತ್ರೆಯಲ್ಲಿ ಇಬ್ಬರಿಗೆ ಸಾಲುವಷ್ಟು ಕುಚ್ಚಲಕ್ಕಿ ಬೇಯಿಸಿ, ತೆಂಗಿನಕಾಯಿ ಚಟ್ನಿ ಅರೆದು, ಮೇಜಿನ ಮೇಲಿಟ್ಟು ಬಾಲ್ಕನಿಗೆ ಹೋಗಿ ಬೆನ್ನು ಮಾಡಿ ನಿಂತೆ. ಎದುರಿನ ಮರಗಳ ಮೇಲೆ ಅಪರೂಪಕ್ಕೆ ಬಿಸಿಲು ಬಿದ್ದಿತ್ತು.

ಫೋನು ಬಂತು. ಪ್ರಕಾಶ.

“ಅತ್ತಿಗೆ, ಅವಳನ್ನ ಕೇಳ್ಬೇಡ ಅಂದಿದ್ರಲ್ಲ, ಅದಕ್ಕೆ ನಿಮಗೆ ಮಾಡ್ದೆ. ಉಷಾ ಊಟ ಮಾಡಿದ್ಲಾ?”

“ಗೊತ್ತಿಲ್ಲ ಪ್ರಕಾಶ. ನಾನು ನೋಡ್ಲಿಲ್ಲ.”

ಅದೇ ಹೊತ್ತಿಗೆ ಒಳಗಿನಿಂದ ಪಾತ್ರೆಯ ತಳಕ್ಕೆ ಸೌಟು ತಾಗಿ ಕೆರೆದ ಸದ್ದು ಕೇಳಿಸಿತು. ತಿರುಗಲಿಲ್ಲ. ಬಾಲ್ಕನಿಯ ಕಂಬಿ ಬಿಗಿಯಾಗಿ ಹಿಡಿದುಕೊಂಡೆ. ಆಮೇಲೆ ಉಷಾಳೇ ಕೂಗಿದಳು, ಅವಳ ದನಿಯಲ್ಲಿ ಗಾಬರಿಯಿತ್ತು.

“ಅಕ್ಕಾ, ಗಂಜಿ ಪೂರಾ ಖಾಲಿಯಾಯ್ತು! ನಿಂಗೆ ಉಳಿಸ್ಬೇಕು ಅಂತ ನೆನಪೇ ಆಗ್ಲಿಲ್ಲ ಮಾರಾಯ್ತಿ. ನಿಂದು ಊಟ ಆಯ್ತಾ?”

“ಆಯ್ತು, ಆಯ್ತು,” ಎಂದೆ. ಅವಳು ಮಲಗಿದ ಮೇಲೆ ಅಡುಗೆಮನೆಗೆ ಹೋಗಿ, ಕಿಟಕಿ ತೆರೆದು, ಎರಡು ಚೂರು ಬ್ರೆಡ್ಡು ಸುಟ್ಟುಕೊಂಡು ತಿಂದೆ.